ಇಲ್ಲದ ಇಂಟರ್ನೆಟ್‌ಗೆ ಬಂದ ಬಿಲ್: ಏಳು ತಿಂಗಳು ಬೆನ್ನು ಹತ್ತಿ ಮನ್ನಾ ಮಾಡಿಸಿದ ಕಥೆ

ಅಘನಾಶಿನಿ ದಡ (ಕುಮಟಾ)

ಎಲ್ಲರಿಗೂ ನಮಸ್ಕಾರ. ಮೊನ್ನೆ ಇಂಟರ್ನೆಟ್ ಕಂಪನಿಯಿಂದ ಒಂದು ಇಮೇಲ್ ಬಂತು. "ನಿಮ್ಮ ಖಾತೆಯಲ್ಲಿ ಯಾವುದೇ ಬಾಕಿ ಇಲ್ಲ." ಇಷ್ಟೇ, ಒಂದೇ ಸಾಲು. ಆ ಸಾಲು ಬರಲು ಏಳು ತಿಂಗಳು ಹಿಡಿಯಿತು. ಹೇಗೆ ಬಂತು ಅಂತ ಬರೆಯುತ್ತೇನೆ. ನಮ್ಮ ಜಿಲ್ಲೆಯಲ್ಲಿ ಇದೇ ಕಷ್ಟದಲ್ಲಿ ಇನ್ನೂ ಎಷ್ಟೋ ಮನೆಯವರು ಇದ್ದಾರೆ.

ಅಪ್ಪ, ಆಯಿ ಕುಮಟಾ ಹತ್ತಿರದ ಹಳ್ಳಿಯಲ್ಲಿ ಇದ್ದಾರೆ. ನನ್ನ ಕೆಲಸ ಹುಬ್ಬಳ್ಳಿಯಲ್ಲಿ. ಮೊಮ್ಮಗಳ ಮುಖ ನೋಡಲಿಕ್ಕೆ ಅಂತಲೇ ಮನೆಗೆ ಫೈಬರ್ ಹಾಕಿಸಿದ್ದೆ. ತಿಂಗಳಿಗೆ 599 ರೂಪಾಯಿ, ಜಿಎಸ್‌ಟಿ ಸೇರಿ 707. 2025ರ ಜುಲೈ 9ರಂದು ಜೋರು ಮಳೆ, ಗಾಳಿ. ತೆಂಗಿನ ಮಡಲು ಬಿದ್ದು ಕೇಬಲ್ ಹರಿಯಿತು. ಮತ್ತೆ ಇಂಟರ್ನೆಟ್ ಬಂದದ್ದು ಆಗಸ್ಟ್ 1ಕ್ಕೆ. 23 ದಿನ. ಆ ತಿಂಗಳ ಬಿಲ್ ಮಾತ್ರ ಪೂರ್ತಿ 707 ಬಂತು. ಅಪ್ಪ ಕಟ್ಟಿಬಿಟ್ಟರು.

ಇದು ಸಾಕು ಅಂತ ಆಗಸ್ಟ್ 5ಕ್ಕೆ ಫೋನ್ ಮಾಡಿ ಕನೆಕ್ಷನ್ ತೆಗೆಸಿದೆ. "ಆಯ್ತು ಸರ್, ಕ್ಲೋಸ್ ಮಾಡಿದ್ದೇವೆ" ಅಂದರು. ಮೂರು ದಿನ ಬಿಟ್ಟು ಒಬ್ಬ ಹುಡುಗ ಬಂದು ರೂಟರ್ ಒಯ್ದ. ಚೀಟಿ ಕೊಡಲಿಲ್ಲ. ಅಪ್ಪ ಕೇಳಲೂ ಇಲ್ಲ. ಮನೆಗೆ ಬಂದ ಹುಡುಗನಿಗೆ ಆಯಿ ಚಹಾ ಕೊಟ್ಟು ಕಳಿಸಿದರು.

ಸೆಪ್ಟೆಂಬರ್‌ನಲ್ಲಿ ಬಿಲ್ ಬಂತು. ಅಕ್ಟೋಬರ್, ನವೆಂಬರ್‌ನಲ್ಲೂ ಬಂತು. ಪ್ರತಿ ಸಲ ನಾನು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. "48 ಗಂಟೆಯೊಳಗೆ ಸರಿಯಾಗುತ್ತದೆ" ಎಂಬ ಮಾತನ್ನು ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ನಂಬಿದೆ. ಡಿಸೆಂಬರ್ 2ಕ್ಕೆ ವಸೂಲಿ ಏಜೆಂಟ್ ಒಬ್ಬ ನೇರವಾಗಿ ಅಪ್ಪನಿಗೇ ಫೋನ್ ಮಾಡಿದ. ಮೂರು ತಿಂಗಳ ಬಿಲ್, ತಡ ಮಾಡಿದ್ದಕ್ಕೆ 300, ರೂಟರ್ ವಾಪಸ್ ಕೊಟ್ಟಿಲ್ಲ ಅಂತ 1,500. ಒಟ್ಟು ಸುಮಾರು 3,920 ರೂಪಾಯಿ. ಕಟ್ಟದಿದ್ದರೆ ಮನೆಗೆ ನೋಟಿಸ್ ಬರುತ್ತದೆ ಅಂದನಂತೆ.

ಅಪ್ಪನಿಗೆ 74 ವರ್ಷ. ಸೊಸೈಟಿ ಸಾಲವನ್ನು ಗಡುವಿಗೆ ಮೊದಲೇ ಕಟ್ಟುವ ಮನುಷ್ಯ. ಆ ರಾತ್ರಿ ಊಟ ಮಾಡಲಿಲ್ಲವಂತೆ. ಬೆಳಿಗ್ಗೆ ನನಗೆ ಫೋನ್ ಮಾಡಿ, "ಕಟ್ಟಿ ಬಿಡುವ. ಬಾಕಿದಾರ ಅನ್ನಿಸಿಕೊಳ್ಳುವುದು ಬೇಡ" ಅಂದರು. ನನಗೆ ಹಟ ಬಂದದ್ದು ಆಗ. ತಪ್ಪು ಮಾಡದ ಮನುಷ್ಯ ಯಾಕೆ ತಲೆ ತಗ್ಗಿಸಬೇಕು?

ಅಲ್ಲಿಂದ ಮುಂದೆ ನಾನು ಬಾಯಿ ಮಾತು ಬಿಟ್ಟೆ. ಬರೆಯಲು ಶುರು ಮಾಡಿದೆ. ಡಿಸೆಂಬರ್ 4ಕ್ಕೆ ಒಂದು ಪುಟದ ದೂರು ಇಮೇಲ್ ಮಾಡಿದೆ. ಬೈಗುಳ ಇಲ್ಲ, ಗೋಳು ಇಲ್ಲ. ಎಡಕ್ಕೆ ತಾರೀಕು, ಬಲಕ್ಕೆ ಏನಾಯಿತು ಅಂತ. ಕೊನೆಗೆ ನನಗೆ ಬೇಕಾದ ನಾಲ್ಕು: ಮೂರು ಬಿಲ್ ರದ್ದಾಗಬೇಕು, ರೂಟರ್ ಹಣ ರದ್ದಾಗಬೇಕು, ಜುಲೈಗೆ ಕಟ್ಟಿದ ಇಂಟರ್ನೆಟ್ ಬಾಡಿಗೆ ವಾಪಸ್ ಬರಬೇಕು, ಬಾಕಿ ಇಲ್ಲ ಅಂತ ಬರೆದು ಕೊಡಬೇಕು. ದೂರಿನ ಡಾಕೆಟ್ ನಂಬರ್ (ದೂರು ದಾಖಲಾದ ಸಂಖ್ಯೆ) ಎಸ್‌ಎಂಎಸ್‌ನಲ್ಲಿ ಬಂತು.

15ಕ್ಕೆ ಉತ್ತರ ಬಂತು. "ಕನೆಕ್ಷನ್ ಮುಚ್ಚುವ ಕೋರಿಕೆ ನಮ್ಮ ದಾಖಲೆಯಲ್ಲಿ ಇಲ್ಲ. ಜುಲೈ ಅಡಚಣೆ ನೈಸರ್ಗಿಕ ವಿಕೋಪದಿಂದ ಆದದ್ದು. ದೂರು ಮುಕ್ತಾಯವಾಗಿದೆ."

ಇಲ್ಲಿಗೇ ಎಷ್ಟೋ ಜನ ಕೈ ಬಿಡುತ್ತಾರೆ. ಇದರ ಮೇಲೆ ಇನ್ನೊಂದು ಮೆಟ್ಟಿಲು ಇದೆ ಅಂತ ನನಗೂ ಗೊತ್ತಿರಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರತಿ ದೂರಸಂಪರ್ಕ ಕಂಪನಿಯಲ್ಲೂ ಒಂದು ಮೇಲ್ಮನವಿ ಪ್ರಾಧಿಕಾರ ಇರಲೇಬೇಕು. ದೂರಿಗೆ ಸಿಕ್ಕ ಉತ್ತರ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಅಲ್ಲಿಗೆ ಹೋಗಬಹುದು. ಫೀ ಇಲ್ಲ. ಅವರು 39 ದಿನದೊಳಗೆ ತೀರ್ಮಾನ ಹೇಳಬೇಕು. ವಿಳಾಸ ಕಂಪನಿಯ ವೆಬ್‌ಸೈಟ್‌ನಲ್ಲೇ ಇತ್ತು, ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು ಅಷ್ಟೇ.

ಡಿಸೆಂಬರ್ 22ಕ್ಕೆ ಮೇಲ್ಮನವಿ ಹಾಕಿದೆ. ಜೊತೆಗೆ ಮೂರು ಸಾಕ್ಷಿ ಕೊಟ್ಟೆ. ಒಂದು, ಆಗಸ್ಟ್ 5ರ ನನ್ನ ಕಾಲ್ ಲಾಗ್: ಬೆಳಿಗ್ಗೆ 11:42, ಏಳು ನಿಮಿಷ. ಆ ಕರೆಯ ರೆಕಾರ್ಡಿಂಗ್ ತೆಗೆದು ಕೇಳಿ ಅಂತ ಬರೆದೆ. ಎರಡು, ರೂಟರ್ ಒಯ್ದ ಹುಡುಗ ಅಪ್ಪನಿಗೆ ಕಳಿಸಿದ ವಾಟ್ಸಾಪ್: "ಅಜ್ಜಾ ರೂಟರ್ ಆಫೀಸಿಗೆ ಕೊಟ್ಟೆ". ಆ ಹುಡುಗನಿಗೆ ಒಳ್ಳೆಯದಾಗಲಿ. ಮೂರನೆಯದೇ ಗಟ್ಟಿ. ಎರಡು ಮನೆ ಆಚೆ ಅದೇ ಕಂಪನಿಯ, ಅದೇ ಕಂಬದ ಕನೆಕ್ಷನ್ ಇದೆ. ಅದು ನಾಲ್ಕನೇ ದಿನಕ್ಕೇ ಬಂದಿತ್ತು. ಆ ಮನೆಯವರು ಅದನ್ನು ಬರೆದು ಸಹಿ ಹಾಕಿ ಕೊಟ್ಟರು. ಮಳೆ ಕಾರಣ ನಾಲ್ಕು ದಿನಕ್ಕೆ ಸರಿ. ಉಳಿದ 19 ದಿನಕ್ಕೆ ಮಳೆ ಹೇಗೆ ಕಾರಣ ಆಗುತ್ತದೆ?

38ನೇ ದಿನಕ್ಕೆ ಆದೇಶ ಬಂತು. ಬಿಲ್ ರದ್ದು, ರೂಟರ್ ಹಣ ರದ್ದು. ಜುಲೈ ಬಾಡಿಗೆಗೆ ಮಾತ್ರ ಇಲ್ಲ ಅಂದರು. ಅದಕ್ಕೆ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಕೊಟ್ಟೆ. ಕನ್ನಡದಲ್ಲೇ ಮಾತಾಡಿದರು. ಎರಡು ವಾರದಲ್ಲಿ 707 ರೂಪಾಯಿ ಅಪ್ಪನ ಖಾತೆಗೆ ಬಂತು. ಆಮೇಲೆ ಆ ಒಂದು ಸಾಲಿನ ಇಮೇಲ್. ಅಪ್ಪ ಅದನ್ನು ಪ್ರಿಂಟ್ ತೆಗೆಸಿ ತಾ ಅಂದಿದ್ದಾರೆ.

---

ಕಾಳಿ ನದಿ (ಕಾರವಾರ)

ತಮ್ಮಾ, ಓದಿ ಮನಸ್ಸಿಗೆ ಸಮಾಧಾನ ಆಯಿತು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೌಂಟರಿನ ಆ ಬದಿ ಕೂತು ನೋಡಿದ ಒಂದು ಮಾತು ಹೇಳುತ್ತೇನೆ. ಸಿಟ್ಟಿನಿಂದ ಕೂಗಾಡಿದವರ ದೂರು ಆ ದಿನ ದೊಡ್ಡದಾಗಿ ಕಾಣುತ್ತದೆ, ಮರುದಿನ ಯಾರಿಗೂ ನೆನಪಿರುವುದಿಲ್ಲ. ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಹೋದವರ ಕಾಗದ ಮಾತ್ರ ಫೈಲಿನಲ್ಲಿ ಉಳಿಯುತ್ತದೆ. ಯಾರೋ ಒಬ್ಬರು ಅದಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ.

ಎರಡು ವಿಷಯ ಸೇರಿಸುತ್ತೇನೆ. ಏಜೆಂಟ್‌ಗಳು ಸಿಬಿಲ್ (ನಮ್ಮ ಸಾಲ, ಬಾಕಿಯ ದಾಖಲೆ ಇಡುವ ಕಂಪನಿ) ಹೆಸರು ಹೇಳಿ ಹೆದರಿಸುತ್ತಾರೆ. ಹೆದರುವ ಬದಲು ಅಪ್ಪನವರ ವರದಿಯನ್ನೇ ತೆಗೆದು ನೋಡಿ. ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಅದರಲ್ಲಿ ಈ ಸುಳ್ಳು ಬಾಕಿ ಸೇರಿದ್ದರೆ ಅಲ್ಲೇ ತಕರಾರು ಹಾಕಿ. 30 ದಿನದೊಳಗೆ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ಈ ನಿಯಮ ಜಾರಿಯಲ್ಲಿದೆ.

ಇನ್ನೊಂದು ಆಟೋ ಪೇ. ಕಾರ್ಡಿನಿಂದಲೋ ಯುಪಿಐನಿಂದಲೋ ತಿಂಗಳಿಗೊಮ್ಮೆ ತಾನಾಗಿ ಹಣ ಹೋಗುವಂತೆ ಇಟ್ಟಿದ್ದರೆ, ತಕರಾರು ಶುರುವಾದ ದಿನವೇ ಅದನ್ನು ನಿಲ್ಲಿಸಿ. ಹಣ ಕಡಿಯುವ 24 ಗಂಟೆ ಮೊದಲು ಮೆಸೇಜ್ ಬರಬೇಕು ಅಂತ ನಿಯಮ ಇದೆ. ಆ ಮೆಸೇಜನ್ನು ಓದದೆ ಅಳಿಸುವವರೇ ಜಾಸ್ತಿ. ಹೋದ ಹಣ ತರಿಸುವುದು ಹೋಗದ ಹಣ ಉಳಿಸಿಕೊಳ್ಳುವುದಕ್ಕಿಂತ ಹತ್ತು ಪಟ್ಟು ಕಷ್ಟ.

---

ಅಡಿಕೆ ಚಪ್ಪರ (ಶಿರಸಿ)

ನಾನು ಕಟ್ಟಿಬಿಟ್ಟವನು. ಹೋದ ವರ್ಷ ಇದೇ ರೀತಿ 2,800 ರೂಪಾಯಿ. ಅಡಿಕೆ ಕೊಯ್ಲಿನ ಸಮಯ. ಒಂದು ಕಡೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಸಿಕ್ಕುವುದೇ ಕಷ್ಟ, ಇನ್ನೊಂದು ಕಡೆ ಬೇಯಿಸುವುದು, ಒಣಗಿಸುವುದು. ದಿನಕ್ಕೆ ಮೂರು ಸಲ ಫೋನ್ ಬರುತ್ತಿತ್ತು. ಸಾಕಾಗಿ ಹೋಯಿತು. ಕಟ್ಟಿದ ಮೇಲೆ ಫೋನ್ ನಿಂತಿತು, ಆದರೆ ಆ ವಿಷಯ ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ. ಕಟ್ಟಿ ಆದ ಮೇಲೂ ಏನಾದರೂ ಮಾಡಬಹುದಾ? ಡಾಕೆಟ್ ನಂಬರ್ ಒಂದೂ ನನ್ನ ಹತ್ತಿರ ಇಲ್ಲ.

---

ಕೆಂಪುಕಲ್ಲು (ಅಂಕೋಲಾ)

ನಾನು ಐದು ವರ್ಷ ಕೇಬಲ್ ಕೆಲಸ ಮಾಡಿದ್ದೇನೆ, ಗುತ್ತಿಗೆದಾರರ ಕೈ ಕೆಳಗೆ. ನಮ್ಮ ಕಡೆಯ ಮಾತೂ ಇಲ್ಲಿ ಇರಲಿ.

ಜುಲೈ ತಿಂಗಳಲ್ಲಿ ನಮ್ಮ ತಾಲೂಕಿನಲ್ಲಿ ಕಂಬ ಹತ್ತುವುದು ಅಂದರೆ ಏನು ಅಂತ ಹತ್ತಿದವರಿಗೇ ಗೊತ್ತು. ಒದ್ದೆ ಏಣಿ, ಪಕ್ಕದಲ್ಲೇ ಕರೆಂಟ್ ತಂತಿ. ಫೈಬರ್ ಜೋಡಿಸುವ ಯಂತ್ರವನ್ನು ಮಳೆಯಲ್ಲಿ ಬಿಚ್ಚುವ ಹಾಗಿಲ್ಲ, ಕೊಡೆ ಹಿಡಿಯಲು ಇನ್ನೊಬ್ಬ ಬೇಕು. ನಾವು ಇದ್ದದ್ದು ಮೂರು ಜನ, ನೋಡಬೇಕಾದ್ದು ಘಟ್ಟದ ಬುಡದಿಂದ ಸಮುದ್ರದವರೆಗೆ. ಬೇಗ ಮುಗಿಯುವ ಕಡೆ ಮೊದಲು ಹೋಗುತ್ತಿದ್ದೆವು. ಒಂದೇ ಮನೆಗೆ ಅಂತ ಇರುವ ತಂತಿ ಯಾವಾಗಲೂ ಕೊನೆಗೆ. ಅಘನಾಶಿನಿ ಅವರ ಮನೆಯಲ್ಲಿ ಆದದ್ದು ಅದೇ ಇರಬೇಕು.

ಈಗ ನಿಮಗೆ ಉಪಯೋಗ ಆಗುವ ಮಾತು. ನಮ್ಮ ಮೇಲೆ ದೂರನ್ನು ಇಷ್ಟು ಗಂಟೆಯಲ್ಲಿ ಮುಗಿಸಬೇಕು ಅಂತ ಒತ್ತಡ ಇರುತ್ತಿತ್ತು. ಹೋಗಲು ಆಗದಿದ್ದರೆ "ಗ್ರಾಹಕರು ಮನೆಯಲ್ಲಿ ಇಲ್ಲ" ಅಂತ ಹಾಕಿ ಮುಚ್ಚಿ ಅನ್ನುತ್ತಿದ್ದರು. ನಾನೂ ಹಾಗೆ ಮಾಡಿದ್ದೇನೆ, ಅದು ತಪ್ಪು. ಮರುದಿನ ಗ್ರಾಹಕರು ಮತ್ತೆ ಫೋನ್ ಮಾಡಿದಾಗ ಹೊಸ ನಂಬರ್ ಬರುತ್ತದೆ. ದಿನದ ಲೆಕ್ಕ ಮತ್ತೆ ಒಂದರಿಂದ ಶುರು. 23 ದಿನ ಬಂದ್ ಆಗಿದ್ದರೂ ಪುಸ್ತಕದಲ್ಲಿ ಎರಡೆರಡು ದಿನದ ಹತ್ತು ದೂರು ಕಾಣುತ್ತದೆ. ಅದಕ್ಕೇ "ಸಮಸ್ಯೆ ಬಗೆಹರಿದಿದೆ" ಅಂತ ಮೆಸೇಜ್ ಬಂದರೆ ಅವತ್ತೇ "ಬಗೆಹರಿದಿಲ್ಲ, ಹಳೆಯ ದೂರನ್ನೇ ತೆರೆಯಿರಿ" ಅಂತ ಬರೆದು ಕಳಿಸಿ. ಹಳೇ ನಂಬರ್ ಬಿಡಬೇಡಿ. ಮತ್ತೆ, ಕಂಬ ಹತ್ತುವ ಹುಡುಗನ ಮೇಲೆ ಸಿಟ್ಟು ತೀರಿಸಬೇಡಿ, ದಯವಿಟ್ಟು.

---

ಅಘನಾಶಿನಿ ದಡ (ಕುಮಟಾ)

ಕೆಂಪುಕಲ್ಲು ಅವರೇ, ನಿಮ್ಮ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ನನ್ನ ಬಳಿ ಇದ್ದದ್ದು ಎರಡೇ ನಂಬರ್. ಆರು ಸಲ ಫೋನ್ ಮಾಡಿದ್ದೆ. ಉಳಿದ ನಾಲ್ಕು ಎಲ್ಲಿ ಹೋದವು ಅಂತ ಈಗ ಗೊತ್ತಾಯಿತು.

ವಿಕೋಪದ ವಿಷಯಕ್ಕೆ ಬರುತ್ತೇನೆ. ಟ್ರಾಯ್‌ನ ಹೊಸ ಗುಣಮಟ್ಟ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಮನೆಗೆ ತಂತಿಯಲ್ಲಿ ಬರುವ ಸೇವೆ ಕೆಟ್ಟು ಮೂರು ದಿನದೊಳಗೆ ಸರಿಯಾಗದಿದ್ದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕು. ಮೊಬೈಲ್ ನೆಟ್‌ವರ್ಕ್ ಒಂದು ಜಿಲ್ಲೆಯಲ್ಲಿ 24 ಗಂಟೆಗಿಂತ ಜಾಸ್ತಿ ಹೋದರೂ ಅಲ್ಲಿನ ಗ್ರಾಹಕರಿಗೆ ಪರಿಹಾರ ಇದೆ. ನೈಸರ್ಗಿಕ ವಿಕೋಪಕ್ಕೆ ವಿನಾಯಿತಿ ಇದೆ, ಅದು ಇರಲೂ ಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ 66ರ ಮೇಲೆ ಬಿತ್ತಲ್ಲ, ಜೀವಗಳೇ ಹೋದವು. ಆ ದಿನಗಳಲ್ಲಿ ಇಂಟರ್ನೆಟ್ ಯಾಕೆ ಬಂದಿಲ್ಲ ಅಂತ ಯಾರೂ ಕೇಳುವುದಿಲ್ಲ. ಆದರೆ ನಮ್ಮಲ್ಲಿ ಪ್ರತಿ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಇದ್ದೇ ಇದೆ. ಬರುವ ಮಳೆ ಗೊತ್ತಿದ್ದೇ ಕನೆಕ್ಷನ್ ಮಾರಿದ್ದಾರೆ. ನಾಲ್ಕು ತಿಂಗಳನ್ನೂ ವಿಕೋಪ ಅಂದರೆ ಹೇಗೆ?

ಅಡಿಕೆ ಚಪ್ಪರ ಅವರೇ, ನೀವು ಕಟ್ಟಿದ ರಸೀದಿ ಇದೆ ಅಲ್ವಾ? ಅದೂ ಸಾಕ್ಷಿಯೇ. ಬಿಟ್ಟುಕೊಡಬೇಡಿ.

---

ಶರಾವತಿ ತೀರ (ಹೊನ್ನಾವರ)

ನನ್ನದು ಸಣ್ಣ ಮೊತ್ತದ ವಿಷಯ. ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ.

ನನ್ನ ಆಯಿಯದು ಹಳೇ ಕೀಪ್ಯಾಡ್ ಫೋನ್, ಪ್ರೀಪೇಯ್ಡ್. ಮೀನು ಮಾರುಕಟ್ಟೆಗೆ ಹೋಗುವಾಗ ಒಯ್ಯುತ್ತಾರೆ. ದುಡ್ಡು ಹಾಕಿದ ನಾಲ್ಕೇ ದಿನಕ್ಕೆ ಖಾಲಿ. "ನೀನೇ ಜಾಸ್ತಿ ಮಾತಾಡಿದ್ದೀಯೆ" ಅಂತ ನಾವು ಮಕ್ಕಳೆಲ್ಲ ಆಯಿಗೇ ಹೇಳುತ್ತಿದ್ದೆವು. ಕೊನೆಗೆ ನೋಡಿದರೆ ಯಾವುದೋ ಜಾತಕದ ಮೆಸೇಜ್ ಸೇವೆ ದಿನಾ ಎರಡು ರೂಪಾಯಿ ಕಡಿಯುತ್ತಿತ್ತು. ಆಯಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಏನೋ ಬಂತು ಅಂತ ಒತ್ತಿರಬೇಕು.

155223ಕ್ಕೆ ಫೋನ್ ಮಾಡಿ ಅದನ್ನು ನಿಲ್ಲಿಸಿದೆ. ಇಂಥ ಸೇವೆ ಶುರು ಮಾಡಲು ಗ್ರಾಹಕರ ಒಪ್ಪಿಗೆ ಎರಡು ಸಲ ಪಡೆಯಬೇಕು ಅಂತ ನಿಯಮ ಇದೆ. ಎರಡನೇ ಒಪ್ಪಿಗೆಯ ದಾಖಲೆ ತೋರಿಸಿ ಅಂತ ಕಂಪನಿಗೆ ಬರೆದೆ. ಅದರ ಜೊತೆ ಹಿಂದಿನ ಆರು ತಿಂಗಳ ಪೂರ್ತಿ ಲೆಕ್ಕವನ್ನೂ ಕೇಳಿದೆ. ಪ್ರೀಪೇಯ್ಡ್‌ನವರೂ ಆ ಲೆಕ್ಕ ಕೇಳಿ ಪಡೆಯಬಹುದು, 50 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಒಪ್ಪಿಗೆಯ ದಾಖಲೆ ಅವರ ಹತ್ತಿರ ಇರಲಿಲ್ಲ. 212 ರೂಪಾಯಿ ವಾಪಸ್ ಬಂತು.

ಹಣಕ್ಕಿಂತ ನನಗೆ ಬೇಸರ ಆದದ್ದು ಆಯಿಯನ್ನು ನಾವೇ ತಪ್ಪಿತಸ್ಥೆ ಮಾಡಿದ್ದಕ್ಕೆ. ಹಣ ಬಂದ ದಿನ ಹೋಗಿ ಹೇಳಿದೆ. "ನಾನು ಹೇಳಿದ್ದೆ ಅಲ್ವಾ" ಅಂದರು, ಅಷ್ಟೇ. ಮನೆಯಲ್ಲಿ ವಯಸ್ಸಾದವರು "ಹಣ ಖಾಲಿಯಾಯಿತು" ಅಂದರೆ ಮೊದಲು ನಂಬಿ, ಆಮೇಲೆ ಲೆಕ್ಕ ನೋಡಿ.

---

ಘಟ್ಟದ ಮೇಲೆ (ಸಿದ್ದಾಪುರ)

ಅಡಿಕೆ ಚಪ್ಪರ ಅವರ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ನಾನು ವಕೀಲಿ ಮಾಡುವವನು. ಕಟ್ಟಿದ ಮೇಲೂ ಕೇಳಬಹುದು. ಹೆದರಿಕೆಗೋ ಒತ್ತಾಯಕ್ಕೋ ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುವುದಿಲ್ಲ. ಗ್ರಾಹಕ ಆಯೋಗಕ್ಕೆ ಹೋಗಲು ಘಟನೆಯಾಗಿ ಎರಡು ವರ್ಷದವರೆಗೆ ಅವಕಾಶ ಇದೆ. ನಿಮ್ಮದು ಹೋದ ವರ್ಷದ್ದು, ಸಮಯ ಇದೆ. ಮೊದಲು ಕಂಪನಿಗೆ ಈಗಲೇ ಒಂದು ಲಿಖಿತ ದೂರು ಕೊಡಿ. ಆಮೇಲೆ ಮೇಲ್ಮನವಿ. ಅಲ್ಲೂ ಆಗದಿದ್ದರೆ ಆಯೋಗ.

"ಫೋನ್ ಕಂಪನಿ ವಿಷಯ ಗ್ರಾಹಕ ನ್ಯಾಯಾಲಯದಲ್ಲಿ ನಡೆಯುವುದಿಲ್ಲ" ಅಂತ ಈಗಲೂ ಹೇಳುವವರು ಇದ್ದಾರೆ. 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪಿನಿಂದ ಆ ಮಾತು ಹುಟ್ಟಿತು. ಅದನ್ನು ತೆಗೆದುಹಾಕಿದ್ದು ಒಬ್ಬ ಗ್ರಾಹಕರ ಪಟ್ಟು. ಅಹಮದಾಬಾದಿನವರು. ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ಮೊಬೈಲ್ ಬಿಲ್ 2013ರ ಕೊನೆಯಲ್ಲಿ 24,609 ರೂಪಾಯಿ ಬಂತು. ಅವರು ಜಿಲ್ಲಾ ಗ್ರಾಹಕ ವೇದಿಕೆಗೆ (ಈಗಿನ ಆಯೋಗ) ಹೋದರು. ಕೇಳುವ ಅಧಿಕಾರವೇ ಇಲ್ಲ ಅಂತ ಕಂಪನಿ ರಾಜ್ಯಕ್ಕೆ, ರಾಷ್ಟ್ರೀಯ ಆಯೋಗಕ್ಕೆ, ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಫೆಬ್ರವರಿಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗ್ರಾಹಕರ ಪರ ಹೇಳಿತು: ದೂರಸಂಪರ್ಕ ಸೇವೆಯ ದೂರನ್ನು ಗ್ರಾಹಕ ವೇದಿಕೆ ಕೇಳಬಹುದು. ಒಂದು ಬಿಲ್ಲಿಗಾಗಿ ಎಂಟು ವರ್ಷ. ಇವತ್ತು ನಮ್ಮ ಕಕ್ಷಿದಾರರ ಪರ ನಾನು ಆ ತೀರ್ಪನ್ನು ಮುಂದಿಟ್ಟು ಮಾತಾಡುತ್ತೇನೆ.

ಆಯೋಗ ಇರುವುದು ಕಾರವಾರದಲ್ಲಿ. ಶಿರಸಿ, ಸಿದ್ದಾಪುರದಿಂದ ಹೋಗಿ ಬರಲು ಒಂದು ದಿನ ಬೇಕು ಅಂತ ಹಿಂಜರಿಯಬೇಡಿ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದಾಖಲಿಸಬಹುದು. ಕಂಪನಿಯ ಕಚೇರಿ ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರೇ ಬೇಕು ಅಂತಲೂ ಇಲ್ಲ, ಇದನ್ನು ವಕೀಲನಾಗಿಯೇ ಹೇಳುತ್ತಿದ್ದೇನೆ.

---

ಅಡಿಕೆ ಚಪ್ಪರ (ಶಿರಸಿ)

ಸರ್, ತುಂಬ ಉಪಕಾರ ಆಯಿತು. ಕರೆಂಟ್ ಬಿಲ್ಲಿಗೂ ಇದೇ ದಾರಿಯಾ? ನಮ್ಮ ಸಂಬಂಧಿಕರೊಬ್ಬರಿಗೆ ಹಳೇ ಬಾಕಿ ಅಂತ ದೊಡ್ಡ ಮೊತ್ತ ಬಂದಿದೆ. ಎರಡು ವರ್ಷ ದಾಟಿದ್ದನ್ನು ಕೇಳುವ ಹಾಗಿಲ್ಲ ಅಂತ ಎಲ್ಲರೂ ಹೇಳುತ್ತಾರೆ.

---

ಘಟ್ಟದ ಮೇಲೆ (ಸಿದ್ದಾಪುರ)

ಕರೆಂಟಿಗೆ ದಾರಿ ಬೇರೆ. ಮೊದಲು ಸ್ಥಳೀಯ ಕಚೇರಿಗೆ ಲಿಖಿತ ದೂರು, ಆಮೇಲೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್.

ಎರಡು ವರ್ಷದ ಮಾತು ಅರ್ಧ ಸರಿ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂನಲ್ಲಿ ಅದು ಇದೆ. ಆದರೆ ಲೆಕ್ಕದಲ್ಲಿ ತಪ್ಪಾಗಿದೆ ಅಂತ ಆಮೇಲೆ ಗೊತ್ತಾದರೆ ಹೆಚ್ಚುವರಿ ಬಿಲ್ ಕೊಡಬಹುದು, ಅದರ ಸಲುವಾಗಿ ಲೈನ್ ಕಡಿಯುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಾಗಿ "ಎರಡು ವರ್ಷ ಆಯಿತು" ಅಂತ ಸುಮ್ನೆ ಕೂರುವುದು ಬೇಡ. ಯಾವ ತಿಂಗಳ ಬಾಕಿ, ಹಿಂದಿನ ಬಿಲ್‌ಗಳಲ್ಲಿ ಅದು ಕಾಣುತ್ತಿತ್ತಾ ಅಂತ ಲಿಖಿತವಾಗಿ ಕೇಳಿ.

ಯಾವುದೇ ಬಾಕಿಗೆ ಲೈನ್ ಕಡಿಯುವ ಮೊದಲು 15 ದಿನದ ಲಿಖಿತ ನೋಟಿಸ್ ಕೊಡಬೇಕು. ಬಿಲ್ ಬಗ್ಗೆ ತಕರಾರು ಇದ್ದರೆ, ಕೇಳಿದ ಮೊತ್ತವನ್ನೋ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದ ಮೊತ್ತವನ್ನೋ, ಯಾವುದು ಕಡಿಮೆಯೋ ಅದನ್ನು "ತಕರಾರಿನೊಂದಿಗೆ" ಅಂತ ಬರೆದು ಕಟ್ಟಬಹುದು. ಆಗ ತೀರ್ಮಾನ ಆಗುವವರೆಗೆ ಲೈನ್ ಕಡಿಯುವಂತಿಲ್ಲ. ಆ ಒಂದು ಪದ ಬರೆಯುವುದನ್ನು ಮಾತ್ರ ಮರೆಯಬೇಡಿ.

---

ಕಾಳಿ ನದಿ (ಕಾರವಾರ)

ಇನ್ನೊಂದು ಸಣ್ಣ ಸೂಚನೆ. ಅಂಚೆಯಲ್ಲಿ ಕಳಿಸುವವರು ರಿಜಿಸ್ಟರ್ ಪೋಸ್ಟ್ ಕೇಳಬೇಡಿ. 2025ರ ಸೆಪ್ಟೆಂಬರ್ 1ರಿಂದ ಅದು ಸ್ಪೀಡ್ ಪೋಸ್ಟ್‌ನಲ್ಲಿ ಸೇರಿದೆ. ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಕೌಂಟರಿನಲ್ಲಿ ಹೇಳಿ. ರಸೀದಿಯ ಫೋಟೋ ಅವತ್ತೇ ತೆಗೆದಿಡಿ, ಆ ಕಾಗದದ ಅಕ್ಷರ ಒಂದು ಮಳೆಗಾಲ ನಿಲ್ಲುವುದಿಲ್ಲ.

---

ಅಡಿಕೆ ಚಪ್ಪರ (ಶಿರಸಿ)

ಎಲ್ಲರಿಗೂ ತಿಳಿಸಲು ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಬರೆದೆ. ಎಡಕ್ಕೆ ತಾರೀಕು, ಬಲಕ್ಕೆ ಏನಾಯಿತು ಅಂತ. ಹಳೇ ಫೋನ್ ಹುಡುಕಿದಾಗ ಎಂಟು ಕರೆಗಳ ಸಮಯ ಸಿಕ್ಕಿತು. ಹಣ ಕಟ್ಟಿದ ರಸೀದಿಯೂ ಸಿಕ್ಕಿತು. ಬೆಳಿಗ್ಗೆ ಇಮೇಲ್ ಮಾಡಿದೆ. ಹತ್ತು ನಿಮಿಷದಲ್ಲಿ ಡಾಕೆಟ್ ನಂಬರ್ ಬಂತು. ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಕಿನ ಕೆಳಗೆ ಬರೆದಿಟ್ಟಿದ್ದೇನೆ. ಉತ್ತರ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ. ಅಘನಾಶಿನಿ ಅವರೇ, ಮೇಲ್ಮನವಿಗೆ ಹೋಗಬೇಕಾಗಿ ಬಂದರೆ ನಿಮ್ಮ ಆ ಪತ್ರವನ್ನು ಒಮ್ಮೆ ತೋರಿಸುತ್ತೀರಾ?

---

ಅಘನಾಶಿನಿ ದಡ (ಕುಮಟಾ)

ಖಂಡಿತ. ಅಪ್ಪನ ಹೆಸರು, ಖಾತೆ ಸಂಖ್ಯೆ ತೆಗೆದು ಇವತ್ತು ಸಂಜೆಯೇ ಕಳಿಸುತ್ತೇನೆ.